ಸಾರಿನ ಪಾತ್ರೆ

ಕಿಕ್ಕೇರಿ ಹತ್ತಿರದ ಆ ಸರ್ಕಾರಿ ಹೈಸ್ಕೂಲಿನ ಗಣಿತದ ಮೇಷ್ಟ್ರು ರವೀಂದ್ರ. ಹೆಡ್‌ಮಾಸ್ತರ ಕುರ್ಚಿಯಲ್ಲಿ ಪ್ರಭಾರಿಯಾಗಿ ಕೂತಿದ್ದಷ್ಟು ಕಾಲ ಊರಿನವರು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನಾಗಮಂಗಲದಿಂದ ವರ್ಗವಾಗಿ ಬಂದ ಪ್ರಮೀಳಾ ಆ ಕುರ್ಚಿಗೆ ಬಂದಳು. ಅದನ್ನಾದರೂ ಅವನು ಸಹಿಸಿಕೊಳ್ಳುತ್ತಿದ್ದ. ಆದರೆ ಒಂದು ದಿನ ಅವಳು ತರಗತಿಯ ಬಾಗಿಲಲ್ಲಿ ನಿಂತು, ಮಕ್ಕಳಿಗೆಲ್ಲ ಕೇಳುವ ಹಾಗೆ, "ಫೋನು ಒಳಗಿಡಿ ಮೇಷ್ಟ್ರೇ. ಮಕ್ಕಳು ಕಾಯ್ತಾವ್ರೆ" ಅಂದುಬಿಟ್ಟಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅವನ ಹಿಂದೆ ಮನೆಯವರೆಗೂ ಬಂತು.

ಬಿಸಿಯೂಟದಲ್ಲಿ ಏನು ಎಡವಟ್ಟಾದರೂ ಮೊದಲು ಅಮಾನತಾಗುವುದು ಶಾಲೆಯ ಮುಖ್ಯಸ್ಥರು. ಸಾರಿನಲ್ಲೊಂದು ಹಲ್ಲಿ ಸಾಕು. ಮಕ್ಕಳಿಗೆ ಏನೂ ಆಗಬಾರದು, ತಾನೇನು ಕಟುಕನಲ್ಲ. ಬಡಿಸುವ ಮೊದಲು ಒಬ್ಬ ಶಿಕ್ಷಕರು ರುಚಿ ನೋಡಬೇಕಲ್ಲ, ತನ್ನ ಸರದಿಯ ದಿನವೇ ಹಾಕಿದರೆ ಸೌಟಿನಲ್ಲಿ ಎತ್ತಿ ತೋರಿಸುವವನೂ ತಾನೇ. ಅವಳು ಮನೆಗೆ, ಮಕ್ಕಳನ್ನು ಉಳಿಸಿದ ಮೇಷ್ಟ್ರು ಕುರ್ಚಿಗೆ. ಅಡುಗೆಯ ಪಾರ್ವತಮ್ಮನ ಕೆಲಸವೂ ಹೋದೀತು. ಹೋಗಲಿ, ಆಮೇಲೆ ತಾನೇ ವಾಪಸ್ಸು ಕರೆಸಿಕೊಂಡರಾಯಿತು.

ಸರದಿ ಬಂದ ದಿನ ಸತ್ತ ಹಲ್ಲಿಯನ್ನು ಸೀಮೆಸುಣ್ಣದ ಡಬ್ಬಿಯಲ್ಲಿಟ್ಟು ತಂದ. ಪಾರ್ವತಮ್ಮ ಅಡುಗೆ ಕೋಣೆ ಬಿಟ್ಟು ಗೇಟಿನ ಕಡೆ ಬಿರಬಿರನೆ ಹೋಗುವುದು ಕಿಟಕಿಯಿಂದ ಕಂಡಿತು. ಕಾಲ ತಾನಾಗಿಯೇ ಕೂಡಿಬಂದಿತ್ತು. ಒಳಗೆ ಹೋಗಿ ದೊಡ್ಡ ಪಾತ್ರೆಯ ಮುಚ್ಚಳ ಎತ್ತಿದ. ಆವಿ ಮುಖಕ್ಕೆ ಹೊಡೆಯಿತು. ಡಬ್ಬಿ ಬಗ್ಗಿಸಿ, ಮುಚ್ಚಳ ಮುಚ್ಚಿ ಹೊರಬಂದಾಗ ಸುತ್ತಮುತ್ತ ನರಪಿಳ್ಳೆಯೂ ಇರಲಿಲ್ಲ.

ಊಟದ ಬೆಲ್ಲಿಗೆ ಮೊದಲೇ ರುಚಿ ನೋಡಲು ಹೊರಡಬೇಕೆನ್ನುವಾಗ ಊರಿನ ತಮ್ಮಯ್ಯ ಸ್ಟಾಫ್ ರೂಮಿನ ಬಾಗಿಲಿಗೆ ಅಡ್ಡ ನಿಂತ. ಅವನ ಮೊಮ್ಮಗಳು ಮೇಘನ ಹತ್ತನೇ ತರಗತಿಯಲ್ಲಿದ್ದಳು.

"ನಮ್ ಮೇಘನ ಲೆಕ್ಕದಲ್ಲಿ ಎಂಗವ್ಳೆ ಸಾ?"

"ಚೆನ್ನಾಗವ್ಳೆ. ಆಮೇಲ್ ಮಾತಾಡಾನ."

ತಮ್ಮಯ್ಯ ಅವನ ಕೈ ಹಿಡಿದುಕೊಂಡ. "ಅಪ್ಪ ಇಲ್ದ ಮಗ ಸಾ. ನೀವೇ ದಿಕ್ಕು."

ಬೆಲ್ಲು ಹೊಡೆಯಿತು. ಕೈ ಕೊಸರಿಕೊಂಡು ರವೀಂದ್ರ ಓಡಿದ. ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು, ಅನ್ನಕ್ಕೆ ಸಾರು ಬಿದ್ದಾಗಿತ್ತು. ಅವನು ಬರಲಿಲ್ಲವೆಂದು ಪ್ರಮೀಳಾ ತಾನೇ ರುಚಿ ನೋಡಿ ಬಡಿಸಲು ಹೇಳಿದ್ದಳು. ಮೊದಲ ಸಾಲಿನಲ್ಲಿ ಮೇಘನ ಕಲಸಿದ ತುತ್ತನ್ನು ಬಾಯಿಗೆತ್ತಿದ್ದಳು. ಬೆಂದ ಹಲ್ಲಿಯಿಂದ ಏನೂ ಆಗುವುದಿಲ್ಲವೆಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಆ ಬಾಯಿ ತೆರೆದದ್ದು ಕಂಡ ಮೇಲೆ ಆ ಧೈರ್ಯ ನಿಲ್ಲಲಿಲ್ಲ.

"ಯಾರೂ ತಿನ್ಬೇಡಿ. ಸಾರಲ್ಲಿ ಹಲ್ಲಿ ಬಿದ್ದದೆ" ಎಂದು ಕೂಗುತ್ತ ಅವಳ ಕೈಯನ್ನೇ ತಟ್ಟಿಬಿಟ್ಟ. ತುತ್ತು ನೆಲಕ್ಕೆ ಚೆಲ್ಲಿತು.

ಪ್ರಮೀಳಾಳ ಮುಖ ಬಿಳಿಚಿಕೊಂಡಿತು. ಮಕ್ಕಳನ್ನೆಲ್ಲ ಎಬ್ಬಿಸಿ, ಅವನ ಹತ್ತಿರ ಬಂದಳು. "ನೀವು ನೋಡಿದ್ರಾ ಮೇಷ್ಟ್ರೇ?"

ಅವನಿಗೆ ಉಸಿರು ಮರಳಿತು. ಹದ ಇನ್ನೂ ಕೆಟ್ಟಿಲ್ಲ, ಉಳಿಸಿದವನು ಈಗಲೂ ತಾನೇ. "ಕಣ್ಣಾರೆ ನೋಡ್ದೆ ಮೇಡಂ. ಅಡುಗೆ ಕೋಣೆ ಪಾತ್ರೇಲಿ. ಬೇಕಾದ್ರೆ ಸೌಟಾಕಿ ನೋಡಿ."

ಬಕೆಟ್ಟು ಹಿಡಿದು ನಿಂತಿದ್ದ ಪಾರ್ವತಮ್ಮ ಬಾಯಿ ಬಿಟ್ಟಳು. "ಇದು ಆ ಪಾತ್ರೆ ಸಾರಲ್ಲ ಕಣ್ ಸಾ. ಬೇಳೆ ಬೇಯಾದ್ರೊಳಗೇ ಗ್ಯಾಸು ಮುಗಿದೋಯ್ತು. ಅದ್ಕೇ ನಾನು ಪ್ರೈಮರಿ ಸ್ಕೂಲ್ಗೆ ಓಡೋಗಿ, ಅವ್ರ ಸಾರ್ನೇ ಬಿಂದ್ಗೇಲಿ ತಂದ್ ಬಡಿಸ್ದೆ. ನಮ್ ಪಾತ್ರೆ ಒಲೆ ಮ್ಯಾಲೆ ಮುಚ್ಚಿದಂಗೇ ಅದೆ, ನಾ ಬಂದ್ಮೇಲೆ ಯಾರೂ ಮುಟ್ಟಿಲ್ಲ. ನೀವ್ಯಾವಾಗ ತಗ್ದು ನೋಡುದ್ರಿ?" ಪ್ರಮೀಳಾ ಅಡುಗೆ ಕೋಣೆಯ ಕಡೆ ನಡೆದಳು, ಅವಳ ಹಿಂದೆ ಅಷ್ಟರಲ್ಲಿ ಜಗಲಿಗೆ ಬಂದಿದ್ದ ತಮ್ಮಯ್ಯ. ಮುಚ್ಚಳ ಎತ್ತಿದಾಗ ಮುಖಕ್ಕೆ ಹೊಡೆದ ಆವಿಯಷ್ಟೇ ರವೀಂದ್ರನ ನೆನಪಿನಲ್ಲಿತ್ತು. ಆ ಪಾತ್ರೆಯ ಕೆಳಗೆ ಉರಿ ಇರಲಿಲ್ಲವೆಂಬುದನ್ನು ಅವನು ನೋಡಿರಲಿಲ್ಲ.