ನೀಲಿ ಜೆಲ್ಲಿನ ತಪ್ಪು

ಹಲ್ಲಿನ ಡಾಕ್ಟರು ಕ್ಯಾಪ್ ಮಾಡುವ ಲ್ಯಾಬಿಗೆ ಬಂದದ್ದು ಜಗಳಕ್ಕೆಂದೇ. ಕೈಯಲ್ಲಿ ಪುಟ್ಟ ಡಬ್ಬಿ, ಅದರೊಳಗೆ ಅವರ ಸೋದರತ್ತೆಯ ಹಲ್ಲಿನಿಂದ ಕಳಚಿ ಬಿದ್ದ, ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಪಿಂಗಾಣಿಯ ಕ್ಯಾಪ್. ಅವರ ಕ್ಲಿನಿಕ್ಕಿನಲ್ಲಿ ಒಂದೇ ವರ್ಷದಲ್ಲಿ ಇದು ಮೂರನೆಯದು.

ಇದನ್ನು ಮಾಡಿದವರು ಯಾರು ಎಂದು ಕೇಳಿದಾಗ, ಕುಂಚ ಹಿಡಿದು ಕೃತಕ ಹಲ್ಲೊಂದಕ್ಕೆ ಬಣ್ಣ ಕೊಡುತ್ತಿದ್ದ ಲ್ಯಾಬಿನ ಟೆಕ್ನಿಷಿಯನ್ ತಲೆಯೆತ್ತಿದಳು. ಕೆನ್ನೆಯ ಮೇಲೆ ಪಿಂಗಾಣಿ ಪುಡಿಯ ಬಿಳಿ ಗೆರೆ. ಡಾಕ್ಟರು ದಾರಿಯುದ್ದಕ್ಕೂ ಕೂಡಿಹಾಕಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಮರೆತುಹೋದವು.

ಉಳಿದರ್ಧವನ್ನು ಅವಳು ಕುಂಚ ಕೆಳಗಿಟ್ಟು ಕೇಳಿಸಿಕೊಂಡಳು. ಇನ್ನೊಂದು ಕ್ಯಾಪ್ ವಾಪಸ್ ಬಂದರೆ ಬೇರೆ ಕೆಲಸ ನೋಡಿಕೋ ಎಂದು ಲ್ಯಾಬಿನ ಯಜಮಾನರು ಹೋದ ತಿಂಗಳೇ ಹೇಳಿದ್ದರು. ಅವಳದೋ ಹನ್ನೊಂದು ವರ್ಷ ಪಳಗಿದ ಕೈ. ಕ್ಯಾಪನ್ನು ಲೆನ್ಸಿನ ಕೆಳಗಿಟ್ಟು ನೋಡಿದಳು. ಒಳಗೆ ಸಿಮೆಂಟಿನ ಚೂರೂ ಇರಲಿಲ್ಲ. ಎಲ್ಲ ಹಲ್ಲಿನ ಮೇಲೇ ಉಳಿದಿರಬೇಕು. ಅಂದರೆ ಅಂಟು ಬಿಟ್ಟುಕೊಂಡದ್ದು ಕ್ಯಾಪಿನ ಕಡೆ; ಅಂಟಿಸುವ ಮೊದಲು ಅದರ ಒಳಮೈಗೆ ಏನೋ ಆಗಿರಬೇಕು.

"ನೀವು ಇದನ್ನ ಅಂಟಿಸೋದನ್ನ ಒಂದ್ಸಲ ನೋಡ್ಬೇಕು ಡಾಕ್ಟ್ರೇ," ಎಂದಳು.

ಹಾಗಾದರೆ ಬಂದು ನೋಡಿ ಎಂದರು ಡಾಕ್ಟರು.

ಗುರುವಾರ ಅವಳು ಕ್ಲಿನಿಕ್ಕಿಗೆ ಹೋದಳು. ಸೋದರತ್ತೆ ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ್ದರು. ಡಾಕ್ಟರು ಅವಳು ಮಾಡಿ ತಂದ ಹೊಸ ಕ್ಯಾಪನ್ನು ಹಲ್ಲಿಗೆ ಕೂರಿಸಿ ನೋಡಿದರು, ತೆಗೆದರು, ತೊಳೆದರು, ಒಳಗೆ ನೀಲಿ ಜೆಲ್ ಹಚ್ಚಲು ಹೊರಟರು. ಅವಳು ಗಬಕ್ಕನೆ ಅವರ ಮಣಿಕಟ್ಟು ಹಿಡಿದಳು.

ಎಂಜಲು ಹೋಗಲೆಂದು ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ ಎಂದರು ಡಾಕ್ಟರು. ಹಳೆಯ ಕ್ಯಾಪುಗಳ ಗಾಜಿನಂಥ ಸೆರಾಮಿಕ್ಕಿಗೆ ಅದು ಸರಿ, ಈಗಿನ ಜಿರ್ಕೋನಿಯಾಕ್ಕೆ ಆಗದು ಎಂದು ಅವಳು ಮೆಲ್ಲಗೆ ವಿವರಿಸಿದಳು. ಜೆಲ್ಲಿನ ಆಸಿಡ್ ಒಳಮೈಯಲ್ಲಿ ಕೂತುಬಿಟ್ಟರೆ ಸಿಮೆಂಟಿಗೆ ಮೊದಲು ಹಚ್ಚುವ ಪ್ರೈಮರ್ ಹಿಡಿಯಲು ಜಾಗವೇ ಸಿಗುವುದಿಲ್ಲ. ಮೊದಲು ಗಟ್ಟಿಯೆನಿಸುತ್ತದೆ, ಬಿಸಿ ಕಾಫಿ, ತಣ್ಣೀರು ಎಂದು ತಿಂಗಳುಗಳು ಕಳೆದಂತೆ ಸಡಿಲವಾಗುತ್ತದೆ.

ಡಾಕ್ಟರ ಕಿವಿ ಕೆಂಪಾಯಿತು. ಅವಳ ಕೈ ಇನ್ನೂ ಅವರ ಮಣಿಕಟ್ಟಿನ ಮೇಲಿತ್ತು. ಅದು ಇಬ್ಬರಿಗೂ ಗೊತ್ತಿತ್ತು; ಇಬ್ಬರೂ ಸರಿಸಲಿಲ್ಲ.

ಸೋದರತ್ತೆ ಬಾಯಿಂದ ಹತ್ತಿ ತೆಗೆದರು. "ನೀವಿಬ್ರೂ ಹೀಗೆ ನೋಡ್ಕೊಂಡ್ ನಿಂತ್ರೆ ನಾನು ಬಾಯಿ ಮುಚ್ಚೋದು ಯಾವಾಗಪ್ಪಾ?"

ಬರೀ ಮಾತಿನಿಂದ ಯಜಮಾನರು ಒಪ್ಪುವವರಲ್ಲ. ಅದಕ್ಕೇ ಇಬ್ಬರೂ ಸೇರಿ ಇಪ್ಪತ್ತು ಜಿರ್ಕೋನಿಯಾ ಬಿಲ್ಲೆಗಳನ್ನು ಸಿದ್ಧಮಾಡಿದರು: ಎಲ್ಲಕ್ಕೂ ಎಂಜಲು ಸವರಿ, ಹತ್ತಕ್ಕೆ ಜೆಲ್, ಹತ್ತಕ್ಕೆ ಅವಳು ಹೇಳಿದ ಕ್ಲೀನಿಂಗ್ ಪೇಸ್ಟ್, ಆಮೇಲೆ ಎಲ್ಲವನ್ನೂ ಒಂದೇ ಸಿಮೆಂಟಿನಿಂದ ಕಿತ್ತ ಹಲ್ಲುಗಳಿಗೆ ಅಂಟಿಸಿದರು. ಡಾಕ್ಟರ ಗೆಳೆಯ ಡೆಂಟಲ್ ಕಾಲೇಜಿನಲ್ಲಿದ್ದ. ಅಲ್ಲಿನ ಮಷೀನು ಬಿಲ್ಲೆಗಳನ್ನು ಬಿಸಿನೀರಿಗೊಮ್ಮೆ, ತಣ್ಣೀರಿಗೊಮ್ಮೆ ಹತ್ತು ಸಾವಿರ ಸಲ ಅದ್ದಬೇಕಿತ್ತು. ಅದಕ್ಕೆ ಎರಡು ವಾರ.

ದಿನವೂ ಸಂಜೆ ಡಾಕ್ಟರು ಏನಾದರೊಂದು ನೆಪ ಹಿಡಿದು ಲ್ಯಾಬಿಗೆ ಬರುತ್ತಿದ್ದರು. ಒಂದು ದಿನ ಅವಳು ಬಿಟ್ಟುಹೋದ ಪೆನ್ನೆಂದು ತಂದುಕೊಟ್ಟರು.

"ಇದು ನಂದಲ್ಲ."

"ಗೊತ್ತು."

ಅವಳು ನಗು ತಡೆಯಲು ಕುಂಚವನ್ನು ಎರಡೆರಡು ಸಲ ತೊಳೆದಳು. ಆದರೆ ಅವರು ಹೋದ ಮೇಲೆ ಅದೇ ಯೋಚನೆ. ಪೇಸ್ಟ್ ಹಚ್ಚಿದ ಬಿಲ್ಲೆಗಳೂ ಕಳಚಿದರೆ? ತಪ್ಪು ತನ್ನ ಕೈಯದೇ ಆಗಿದ್ದರೆ?

ಹದಿನೈದನೆಯ ದಿನ ಫೋನ್ ಬಂತು. ಜೆಲ್ ಹಚ್ಚಿದ ಹತ್ತರಲ್ಲಿ ಆರು ನೀರಿನಲ್ಲೇ ಉದುರಿದ್ದವು, ಉಳಿದವು ಸ್ವಲ್ಪ ಒತ್ತಿದ್ದಕ್ಕೇ ಕಳಚಿದ್ದವು. ಪೇಸ್ಟ್ ಹಚ್ಚಿದ ಹತ್ತರಲ್ಲಿ ಒಂದೂ ಉದುರಿರಲಿಲ್ಲ. ಅವನ್ನು ಕಳಚಲು ಎಷ್ಟೋ ಜಾಸ್ತಿ ಒತ್ತಬೇಕಾಗಿತ್ತು. ಅವಳು ಫೋನ್ ಕೆಳಗಿಟ್ಟಳು. ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಾಗ, ಅಳು ಬಂತೋ ಉಸಿರು ಬಂತೋ ತಿಳಿಯಲಿಲ್ಲ.

ಅಂದೇ ಡಾಕ್ಟರು ಬಂದು, ಮೂರೂ ಸಲ ತಪ್ಪು ತಮ್ಮದೆಂದು ಯಜಮಾನರಿಗೆ ಪತ್ರ ಬರೆದುಕೊಟ್ಟರು. ಮೆಟ್ಟಿಲ ಬಳಿ ಅವಳು ಅವರನ್ನು ತಡೆದಳು.

"ನನ್ ಮೇಲಿನ ಕನಿಕರಕ್ಕೆ ಬರೆದ್ರಾ?"

"ನಿಜ ಅಂತ ಬರೆದೆ." ಅವರು ಕನ್ನಡಕ ತೆಗೆದು ಸುಮ್ಮನೆ ಒರೆಸಿದರು. "ಇನ್ನೊಂದು ನಿಜ ಇದೆ. ಅದನ್ನ ಯಜಮಾನರಿಗೆ ಬರೆಯೋಕಾಗಲ್ಲ."

"ನನಗೆ ಹೇಳ್ಬಹುದಲ್ಲ."

"ಆ ಮಷೀನು ನಿಲ್ಲದೇ ಇರ್ಲಿ ಅಂತ ದಿನಾ ಬೇಡ್ಕೊಂಡೆ. ನಿಂತ್ರೆ ಇಲ್ಲಿಗೆ ಬರೋಕೆ ನೆಪ ಇರಲ್ವಲ್ಲ. ನೀವಂದ್ರೆ ನನಗಿಷ್ಟ."

ಅವಳು ಕೆನ್ನೆಯ ಮೇಲಿನ ಪಿಂಗಾಣಿ ಪುಡಿ ಒರೆಸಿಕೊಂಡಳು.

"ನಾನು, ಅದು ಬೇಗ ನಿಲ್ಲಲಿ ಅಂತ ಬೇಡ್ಕೊಂಡೆ," ಎಂದಳು. "ಈ ಭಯ ಕಳೆದ್ಮೇಲೆ ನಿಮ್ಮನ್ನ ನಿರಾಳವಾಗಿ ನೋಡ್ಬೇಕು ಅಂತ."

ನೋಡಿದಳು. ಮೊದಲು ಕಣ್ಣು ತಗ್ಗಿಸಿದವರು ಡಾಕ್ಟರು.