ಮೂರನೇ ಅಧ್ಯಾಯಕ್ಕೆ ತಕರಾರು

ಇತಿಹಾಸ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಎಂ.ಎ. ಕೊನೆಯ ವರ್ಷದ ಪ್ರಬಂಧವನ್ನು ಒಪ್ಪಿಸುವ ಮೊದಲು ಸಹಪಾಠಿಯೊಬ್ಬರ ಕೈಗೆ ಕೊಡಬೇಕು. ಅವರು ಅದನ್ನು ಓದಿ, ಸೆಮಿನಾರಿನಲ್ಲಿ ಎಲ್ಲರೆದುರು ಅದರ ದೋಷ ಎತ್ತಿ ತೋರಿಸಬೇಕು. ಅವಳ ಪ್ರಬಂಧ ಆ ವರ್ಷ ತಕರಾರಿನ ಪಾಲಿಗೆ ಬಂತು.

ತಕರಾರು ಎಂಬುದು ಅವನಿಗೆ ತರಗತಿ ಇಟ್ಟ ಹೆಸರು. ಪಾಠದ ನಡುವೆ ಎದ್ದು ನಿಂತು, “ಇದನ್ನು ನೋಡಿದವರು ಯಾರು, ಸರ್?” ಎಂದು ಕೇಳುವುದು ಅವನ ಅಭ್ಯಾಸ. ಮುಂದೆ ಪಿಎಚ್.ಡಿ. ಸಂಶೋಧನೆಗೆ ಇದ್ದದ್ದು ಒಂದೇ ಸೀಟು; ಸೆಮಿನಾರು ನೋಡಿಯೇ ಅದನ್ನು ಕೊಡುತ್ತಿದ್ದರು. ಅದು ಅವಳಿಗೂ ಬೇಕಿತ್ತು, ಅವನಿಗೂ ಬೇಕಿತ್ತು.

“ಹೋಯ್ತು ಬಿಡು ನಿನ್ನ ಸೀಟು,” ಎಂದಳು ಹಾಸ್ಟೆಲಿನ ಗೆಳತಿ. “ಹಳೇ ಕಾಲೇಜಲ್ಲಿ ಒಬ್ಬಳ ಪ್ರಬಂಧದ ವಿಷಯಾನೇ ಕದ್ದನಂತೆ ಕಣೇ. ಎಲ್ಲರೂ ಹೇಳ್ತಾರೆ. ಹುಷಾರಾಗಿರು.”

ಅವಳು ಹುಷಾರಾಗಿದ್ದಳು. ಲೈಬ್ರರಿಯಲ್ಲಿ ಅವನು ಎದುರು ಬಂದು ಕೂತರೆ ಬರೆದ ಹಾಳೆಯನ್ನು ಬೋರಲು ಹಾಕುವಳು. ಅವನು ಅದನ್ನು ಕಂಡೂ ಕಾಣದವನಂತೆ ಪುಸ್ತಕದೊಳಗೆ ನಗುವನು. ಆ ನಗುವಿಗೆ ಅವಳಿಗೆ ಮೈ ಉರಿಯುತ್ತಿತ್ತು. ಅವನು ಬಾರದ ದಿನ ಮಾತ್ರ ಯಾಕೋ ಹಾಳೆ ತುಂಬುತ್ತಿರಲಿಲ್ಲ.

ಸೆಮಿನಾರು ಹತ್ತಿರ ಬಂದಾಗ ಅವನೇ ಮಾತು ತೆಗೆದ.

“ನಿಮ್ಮ ಮೂರನೇ ಅಧ್ಯಾಯ ನಿಲ್ಲೋದಿಲ್ಲ ರೀ.”

“ಅದನ್ನ ಸೆಮಿನಾರಿನಲ್ಲಿ ಹೇಳಿ. ಈಗ್ಯಾಕೆ?”

“ಈಗಾದ್ರೆ ಸರಿಮಾಡ್ಕೋಬಹುದು.”

“ಸರಿಮಾಡೋಕೆ ಹೋಗಿ ಕೆಡಿಸ್ಕೊಳ್ಳಲಿ ಅಂತಲಾ?”

ಅವನು ಅವಳ ಮುಖವನ್ನೇ ನೋಡಿದ. ಇವನ ಕಣ್ಣು ಇಷ್ಟು ಸೌಮ್ಯವಾಗಿರುವುದೂ ಒಂದು ಉಪಾಯವಿರಬೇಕು ಎಂದುಕೊಂಡಳು.

ಆ ಅಧ್ಯಾಯ ಅವಳ ಊರಿನ ನೂಲಿನ ಗಿರಣಿಯದು. ಅವಳು ಹುಟ್ಟಿದ ವರ್ಷ ಮಾಲೀಕರು ರಾತ್ರಿ ಪಾಳಿಯ ಹೆಂಗಸರನ್ನು ಒಳಗೆ ಕೂಡಿ ಬೀಗ ಹಾಕಿದ್ದರು. ಬೆಳಿಗ್ಗೆ ಮ್ಯಾನೇಜರೇ ಬಂದು ಬಾಗಿಲು ತೆಗೆದು, ಟೋಪಿ ಕೈಯಲ್ಲಿ ಹಿಡಿದು, ಅತ್ತು ಕ್ಷಮೆ ಕೇಳಿದ. ಗಿರಣಿಯಲ್ಲಿ ದುಡಿದ ಅಮ್ಮ ಇದನ್ನು ಕಣ್ಣಾರೆ ಕಂಡಂತೆ ನೂರು ಸಲ ಹೇಳಿದ್ದಳು. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅಮ್ಮನ ಮಾತೊಂದನ್ನೇ ನೆಚ್ಚಬಾರದೆಂದು ಅವಳು ಗಿರಣಿಯ ಮೂವರು ಮುದುಕಿಯರನ್ನು ಕೇಳಿ ಬರೆದುಕೊಂಡಿದ್ದಳು. ಮೂವರೂ ಅದನ್ನೇ ಹೇಳಿದ್ದರು.

“ಅದೇ ತೊಂದರೆ,” ಎಂದ ತಕರಾರು. “ಮೂವರೂ ಹೇಳಿದ್ದು ಒಂದೇ ಮಾತು, ಒಂದೇ ಕ್ರಮ. ನೋಡಿದವರು ಹಾಗೆ ಹೇಳೋದಿಲ್ಲ, ಕೇಳಿದವರು ಹೇಳ್ತಾರೆ. ಹೇಳಿಕೊಟ್ಟವರು ಯಾರೋ ಬಹಳ ಚೆನ್ನಾಗಿ ಹೇಳಿದ್ದಾರೆ.”

ಅವಳು ಪುಸ್ತಕ ಮುಚ್ಚಿ ಎದ್ದು ಹೋದಳು. ಆದರೆ ಶನಿವಾರ ಊರಿನ ಬಸ್ಸು ಹತ್ತಿದಳು. ಅವನ ಸುಳ್ಳನ್ನು ಹಿಡಿಯಲೇಬೇಕಿತ್ತು.

“ನಾನು ಆಗ ಹಗಲು ಪಾಳಿ ಕಣೇ ಮಗಳೇ,” ಎಂದಳು ಮೊದಲನೆಯ ಮುದುಕಿ. “ನಿಮ್ಮಮ್ಮ ಹೇಳಿದ್ದೇ ನಾನು ಹೇಳಿದ್ದು.” ಎರಡನೆಯವಳ ಉತ್ತರವೂ ಅದೇ. ಮೂರನೆಯವಳು ಮಾತ್ರ ಆ ರಾತ್ರಿ ಒಳಗಿದ್ದಳು. “ಬಾಗಿಲು ತೆಗೆದದ್ದು ವಾಚ್‌ಮನ್. ಮ್ಯಾನೇಜರು ಎಲ್ಲಿ ಬಂದ? ನಮ್ಮನ್ನ ಯಾರೂ ಏನೂ ಕೇಳಲಿಲ್ಲ. ಮನೆಗೆ ಹೋಗಿ ಮಲಗಿದೆವು.”

“ಮತ್ತೆ ನನಗೆ ಹಾಗೆ ಹೇಳಿದೆಯಲ್ಲ ಅಜ್ಜಿ?”

“ನಿಮ್ಮಮ್ಮ ಹೇಳಿದ್ದೇ ಚೆನ್ನಾಗಿತ್ತಲ್ಲೇ.”

ಮನೆಯಲ್ಲಿ ಅಪ್ಪ ಪ್ರಾರ್ಥನೆ ಮುಗಿಸಿ ಏಳುತ್ತಿದ್ದರು. ಅಮ್ಮ ಹೋದ ಮೇಲೆ ಅವರ ಪ್ರಾರ್ಥನೆ ಉದ್ದವಾಗಿತ್ತು.

“ಆ ರಾತ್ರಿ ಅಮ್ಮ ಎಲ್ಲಿದ್ದಳಪ್ಪಾ?”

“ಎಲ್ಲಿರ್ತಾಳೆ ಪುಟ್ಟಿ? ಬಾಣಂತಿ. ನೀನು ಮಗ್ಗುಲಲ್ಲಿದ್ದೆ.”

ಎಲ್ಲರ ಮಾತಿಗೂ ತಾರೀಖು ಹಾಕಿ ನೋಡಿದವಳಿಗೆ ಅಮ್ಮನ ಮಾತಿಗೆ ಹಾಕಬೇಕೆಂದು ಹೊಳೆದೇ ಇರಲಿಲ್ಲ. ಅವಳು ಹಿತ್ತಲಿಗೆ ಹೋಗಿ ಅತ್ತಳು. ಅಮ್ಮ ಎರಡನೆಯ ಸಲ ಸತ್ತಂತಾಯಿತು. ಅತ್ತು ಮುಗಿದಾಗ ಒಂದು ಮಾತು ತೋಚಿತು. ತಕರಾರು ಇದನ್ನು ಅವಳಿಗೊಬ್ಬಳಿಗೇ ಹೇಳಿದ್ದ. ಎಲ್ಲರೆದುರು ಹೇಳಿದ್ದರೆ ಸೀಟು ಅವನದು.

ಹಾಸ್ಟೆಲಿಗೆ ಬಂದವಳೇ ಗೆಳತಿಯನ್ನು ಹಿಡಿದಳು. “ವಿಷಯ ಕದ್ದನಂತೆ ಅಂದೆಯಲ್ಲ, ಯಾರು ಹೇಳಿದ್ದು?”

“ಎಲ್ಲರೂ.”

“ಎಲ್ಲರೂ ಅಂದ್ರೆ ಒಬ್ಬರ ಹೆಸರು ಹೇಳು.”

ಕ್ಯಾಂಟೀನಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ, ಮಾತು ಹೊರಟದ್ದು ಒಬ್ಬನೇ ಒಬ್ಬನಿಂದ. ಹಳೇ ಕಾಲೇಜಿನಲ್ಲಿ ತಕರಾರಿನಿಂದಾಗಿ ಮೊದಲ ಸ್ಥಾನ ತಪ್ಪಿದವನು ಅವನು. ಅವಳಿಗೆ ನಾಚಿಕೆಯಾಯಿತು. ಆದರೂ ಸಂಶಯ ಪೂರ್ತಿ ಹೋಗಲಿಲ್ಲ. ಅವನು ಏನನ್ನೂ ಕದ್ದಿಲ್ಲದಿದ್ದರೂ, ನಾಳೆ ಎದ್ದು ನಿಂತು ಅಮ್ಮನನ್ನು ಸುಳ್ಳುಗಾತಿ ಎಂದರೆ?

ಅವಳು ರಾತ್ರಿಯೆಲ್ಲ ಕೂತು ಅಧ್ಯಾಯವನ್ನು ಹೊಸದಾಗಿ ಬರೆದಳು. ಸೆಮಿನಾರಿನಲ್ಲಿ, ಒಬ್ಬ ಹೆಂಗಸು ಹೇಳಿದ್ದು ಇಡೀ ಗಿರಣಿಯ ನೆನಪಾದದ್ದು ಹೇಗೆಂದು ಓದಿದಳು. “ಆ ಹೆಂಗಸು ಆ ರಾತ್ರಿ ಅಲ್ಲಿರಲಿಲ್ಲ. ಅವರು ನನ್ನ ತಾಯಿ,” ಎಂದು ನಿಲ್ಲಿಸಿದಳು.

ವಿಭಾಗದ ಮುಖ್ಯಸ್ಥೆ ಕನ್ನಡಕ ತೆಗೆದು, “ದೋಷ ಎತ್ತಬೇಕಾದವರು?” ಎಂದರು.

ತಕರಾರು ಎದ್ದ. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

“ನನ್ನದು ಒಂದೇ ಪ್ರಶ್ನೆ,” ಎಂದ ಅವನು. “ಅವರು ಯಾಕೆ ಹಾಗೆ ಹೇಳಿದರು?”

ಬರೆದದ್ದರಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಹಾಳೆಯನ್ನು ಬೋರಲು ಹಾಕಿದಳು.

“ಆ ಹೆಂಗಸರನ್ನು ಯಾರೂ ಕ್ಷಮೆ ಕೇಳಲಿಲ್ಲ. ಅಮ್ಮನಿಗೆ ಅದನ್ನು ಸಹಿಸೋದಕ್ಕೆ ಆಗಲಿಲ್ಲ. ತಾನೇ ಒಬ್ಬನ ಕೈಲಿ ಕೇಳಿಸಿದಳು.”

ಅವನು ತಲೆ ತಗ್ಗಿಸಿ ಕುಳಿತ.

ಸಂಜೆ ಸೀಟು ಅವಳಿಗೆಂದು ಮುಖ್ಯಸ್ಥೆ ತಿಳಿಸಿದರು. ಮೆಟ್ಟಿಲ ಬಳಿ ಅವನು ಕಾಯುತ್ತಿದ್ದ.

“ನನಗೆ ಮೊದಲೇ ಹೇಳಿ ಸೋತಿರಿ,” ಎಂದಳು. “ಯಾಕೆ?”

“ಆ ಅಧ್ಯಾಯ ಓದಿದ ರಾತ್ರಿ ಬರೆದವಳ ಮೇಲೆ ಮನಸ್ಸಾಯ್ತು. ಹತ್ತು ಜನರ ಮುಂದೆ ಅದನ್ನ ಹೇಗೆ ಮುರಿಯಲಿ?”

“ಇದನ್ನ ಆಗಲೇ ಹೇಳಬಹುದಿತ್ತು.”

“ಹೇಳಿದ್ದರೆ ಸೀಟಿಗೋಸ್ಕರ ಪ್ರೀತಿ ಅಂತಿದ್ರಿ.”

“ಅಂತಿದ್ದೆ.”

“ಈಗ ನಂಬ್ತೀರಾ?”

ಅವಳು ಅವನ ಕಣ್ಣನ್ನು ನೋಡಿದಳು. ಈ ಸಲ ಬೇಗ ನೋಟ ತೆಗೆಯಲಿಲ್ಲ.

“ಪೂರ್ತಿ ಇಲ್ಲ. ನಮ್ಮಪ್ಪ ಅಮ್ಮನ ಮಾತನ್ನ ಒಂದು ದಿನವೂ ಪೂರ್ತಿ ನಂಬಿದವರಲ್ಲ,” ಎಂದಳು. “ಅವಳನ್ನ ಒಂದು ದಿನವೂ ಬಿಟ್ಟಿದ್ದವರೂ ಅಲ್ಲ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೆಲ್ಲಗೆ ಕೈ ಚಾಚಿದ. ಅವಳು ಎದೆಗವಚಿದ್ದ ಪುಸ್ತಕಗಳಲ್ಲಿ ಭಾರವಾದವನ್ನೇ ಆರಿಸಿ ಅವನ ಕೈಗಿಟ್ಟು, ಮುಂದೆ ಇಳಿದಳು.