ಒಂದು ಬೆರಳಿನಷ್ಟು ಕೆಳಗೆ

ನಾನು ಕೃತಕ ಕಾಲು ಮಾಡುವವಳು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಬೇಕೆಂದೇ ತಪ್ಪು ಗುರುತು ಹಾಕಿದೆ, ಅದೂ ನಾನು ಪ್ರೀತಿಸಿದ ಮನುಷ್ಯನ ಕಾಲಿಗೆ.

ಆತ ದರ್ಜಿ. ಅಪಘಾತದಲ್ಲಿ ಎಡಗಾಲು ಮಂಡಿಯ ಕೆಳಗೆ ಹೋಗಿತ್ತು. ಹೊಲಿಗೆ ಮೆಷಿನ್ ತುಳಿಯಲು ಮಂಡಿಯೊಂದು ಉಳಿದದ್ದೇ ಪುಣ್ಯ ಎನ್ನುತ್ತಿದ್ದ.

ಮೊದಲ ದಿನ ಎಡಗಾಲಿನ ಉಳಿದ ಭಾಗಕ್ಕೆ ತೆಳುವಾದ ಕಾಲುಚೀಲ ಎಳೆದು, ನೇರಳೆ ಪೆನ್ಸಿಲ್‌ನಿಂದ ಮೂಳೆಗಳನ್ನು ಗುರುತಿಸಿದೆ. ಮಂಡಿಚಿಪ್ಪು, ಅದರ ಕೆಳಗಿನ ಉಬ್ಬು, ಕಾಲಿನ ಮುಂಬದಿಯ ಮೂಳೆಯ ಚೂಪು ಅಂಚು, ಹೊರಬದಿಯಲ್ಲಿ ಸಣ್ಣ ಮೂಳೆಯ ತಲೆ. ಗುರುತಿದ್ದಲ್ಲೆಲ್ಲ ಕೃತಕ ಕಾಲಿನ ಒಳಗೆ ಜಾಗ ಬಿಡುತ್ತೇವೆ. ಬಿಡದಿದ್ದರೆ ಮೂಳೆ ಒತ್ತಿ ಚರ್ಮ ಕಿತ್ತುಬರುತ್ತದೆ.

ನಾನು ಗುರುತು ಹಾಕುತ್ತಿದ್ದರೆ ಆತ ನನ್ನ ಬಟ್ಟೆಯ ತೋಳನ್ನೇ ನೋಡುತ್ತಿದ್ದ. ಎಡತೋಳು ಅರ್ಧ ಬೆರಳು ಉದ್ದವಾಗಿದೆ, ಯಾರು ಹೊಲಿದರು ಎಂದು ಕೇಳಿದ. ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದು ಗದರಿದೆ. ಮುಂದಿನ ವಾರ ಅದೇ ಬಟ್ಟೆ ತೊಟ್ಟು ಬಂದೆ. ಆತ ಕಣ್ಣಲ್ಲೇ ನಕ್ಕ.

ಆರು ತಿಂಗಳು ಹೀಗೇ, ತಾತ್ಕಾಲಿಕ ಕಾಲನ್ನು ವಾರಕ್ಕೊಮ್ಮೆ ಸರಿಮಾಡಿಸಲು ಬಂದ. ಆಮೇಲೆ ಕಾಯಂ ಕಾಲಿನ ಸರದಿ. ಅದೊಂದು ಸರಿಯಾಗಿ ಕೂತರೆ ವರ್ಷಗಟ್ಟಲೆ ಯಾರೂ ಬರುವುದಿಲ್ಲ. ಆ ದಿನ ನನ್ನ ಕೈಯಾರೆ ಹೊರಬದಿಯ ಮೂಳೆಯನ್ನು ಒಂದು ಬೆರಳಿನಷ್ಟು ಕೆಳಗೆ ಗುರುತಿಸಿದೆ. ಸ್ವಲ್ಪ ಒತ್ತಲಿ, ನಾಲ್ಕು ಸಲ ಬರಲಿ, ಅಷ್ಟೇ ನನ್ನ ಆಸೆ. ಸಕ್ಕರೆ ಕಾಯಿಲೆ ಇದೆ ಎಂದು ಫೈಲಿನಲ್ಲಿ ಬರೆದಿತ್ತು. ಓದಿಯೂ ಮರೆತೆ, ದರಿದ್ರದವಳು.

ಎರಡು ಸಲ ಬಂದ. ಕೃತಕ ಕಾಲಿನ ಒಳಗೆ ಸ್ವಲ್ಪವೇ ಕೆರೆದು ಕಳುಹಿಸಿದೆ. ಮೂರನೆಯ ವಾರ ಆತನ ಅಕ್ಕ ಫೋನ್ ಮಾಡಿದರು. ಸಕ್ಕರೆ ಕಾಯಿಲೆಯಿಂದ ನೋವು ತಿಳಿಯದ ಕಾಲು, ಗಾಯ ಕೀವಾಗಿ ಮೂಳೆಗೆ ಇಳಿದಿತ್ತು. ಮಂಡಿಯ ಮೇಲಿನಿಂದ ಕತ್ತರಿಸಿದರು.

ನಾಲ್ಕು ತಿಂಗಳ ಮೇಲೆ ಊರುಗೋಲಿನಲ್ಲಿ ಬಂದ. ಇನ್ನೊಬ್ಬರ ಹತ್ತಿರ ಅಳತೆ ಕೊಡಿ ಎಂದರೂ ಕೇಳಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿಬಿಟ್ಟೆ. ದೂರು ಕೊಡಿ, ಈ ಕೆಲಸ ಇವತ್ತೇ ಬಿಡುತ್ತೇನೆ ಎಂದೆ.

"ಗೊತ್ತಿತ್ತು," ಎಂದ. "ಇಪ್ಪತ್ತು ವರ್ಷದಿಂದ ಗುರುತು ಹಾಕೋನು ನಾನು. ನಿಮ್ಮ ಪೆನ್ಸಿಲ್ ಕೆಳಗೆ ಹೋಗಿದ್ದು ಕಾಣಲ್ವಾ?"

"ಮತ್ಯಾಕೆ ಸುಮ್ನಿದ್ರಿ?"

"ಸರಿಯಾಗಿ ಕೂತ್ಬಿಟ್ರೆ ನಂಗೂ ಬರೋಕೆ ನೆಪ ಇರ್ತಿರ್ಲಿಲ್ಲ."

ನಾನು ಅತ್ತೆ. ಆತನ ಕಣ್ಣೂ ಒದ್ದೆಯಾಗಿತ್ತು.

"ಸುಮ್ನೆ ಬರ್ಲಾ ಅಂತ ನಾನು ಕೇಳ್ಬಹುದಿತ್ತು. ಬನ್ನಿ ಅಂತ ನೀವು ಹೇಳ್ಬಹುದಿತ್ತು. ಉಗುರಲ್ಲಿ ಹೋಗೋದಕ್ಕೆ ಇಬ್ರೂ ಸೇರಿ ಕೊಡಲಿ ತಂದ್ವಿ."

ಪೆನ್ಸಿಲ್ ಎತ್ತಿ ನನ್ನ ಕೈಗೆ ಕೊಟ್ಟ. ಈಗ ಗುರುತಿಸಲು ಮಂಡಿಯಿರಲಿಲ್ಲ, ಆ ಸಣ್ಣ ಮೂಳೆಯೂ ಇರಲಿಲ್ಲ. ಸೊಂಟದ ಪಕ್ಕದ ದಪ್ಪ ಮೂಳೆಯನ್ನು ಹುಡುಕಿ, ಎರಡು ಸಲ ಒತ್ತಿ ನೋಡಿ, ಅದು ಇದ್ದಲ್ಲೇ ಗುರುತು ಹಾಕಿದೆ. ಆತ ಬಗ್ಗಿ ನೋಡಿ ತಲೆಯಾಡಿಸಿದ. ಇದು ಸರಿಯಾಗಿ ಕೂರುತ್ತದೆ, ರಿಪೇರಿಗೆ ಬರಬೇಕಾಗಿಲ್ಲ ಎಂದೆ.

"ಹಾಗಾದ್ರೆ ಭಾನುವಾರ ಸುಮ್ನೆ ಬರ್ಲಾ?"

"ಬನ್ನಿ," ಎಂದೆ. ಆ ಒಂದು ಮಾತು ಹೇಳುವಷ್ಟರಲ್ಲಿ ಆತನ ಮಂಡಿ ಹೋಗಿತ್ತು.